ಎಳನೀರು ನೀರಲ್ಲ

ಪೋರ್ಟ್ ಆಫ್ ಸ್ಪೇನ್, ಟ್ರಿನಿಡಾಡ್
೨೨ ಜನವರಿ ೧೯೫೬

ಪ್ರೀತಿಯ ಪೆತಾ,

ಹಡಗಿನಿಂದ ಇಳಿದರೂ ಕಾಲ ಕೆಳಗಿನ ನೆಲ ಇನ್ನೂ ತೂಗುತ್ತಲೇ ಇದೆ. ನನ್ನ ಪಾಡು ಹಾಗಿರಲಿ, ಜೊತೆಗೆ ಬಂದ ಹಂದಿಗಳ ಪಾಡು ನೀನು ನೋಡಬೇಕಿತ್ತು. ಹಡಗು ನಿಲ್ಲುವ ಧಕ್ಕೆಯಲ್ಲಿ ಕೆಲಸ ಸಿಕ್ಕಿದೆ. ಹಲಗೆಯ ಸಂದಿಗೆ ನಾರು ತುಂಬಿ ರಾಳ ಬಳಿಯುವವರು ಇಲ್ಲಿಯೂ ಬೇಕು. ದೊಡ್ಡ ಊರಿನ ದೋಣಿಗಳೂ ಸೋರುತ್ತವೆ ಎಂದು ತಿಳಿದು ಸಮಾಧಾನವಾಯಿತು.

ಬಂದ ಮರುದಿನವೇ ಬಿಳಿ ಅಂಗಿ ತೊಟ್ಟು ಮಹಾಧರ್ಮಾಧ್ಯಕ್ಷರ ಮನೆಗೆ ಹೋದೆ. ಮೆಟ್ಟಿಲ ಮೇಲೆ ನನ್ನಂಥವರೇ ಬೇಕಾದಷ್ಟು ಜನ. ಗ್ರೆನಡಾದವನೊಬ್ಬ, ಟೊಬೇಗೊದವಳೊಬ್ಬಳು, ಸೇಂಟ್ ವಿನ್ಸೆಂಟಿನ ಮುದುಕನೊಬ್ಬ. ಇಷ್ಟೆಲ್ಲ ದ್ವೀಪಗಳ ಗಂಟುಗಳನ್ನು ಈ ಒಂದೇ ಮನೆಯಲ್ಲಿ ಬಿಚ್ಚಬೇಕು. ನಮ್ಮ ತಾತಂದಿರ ಕಾಲದಿಂದಲೂ ಹೀಗೇ. ನಮ್ಮ ಊರಿನ ಗುರುಗಳು ಫ್ರೆಂಚರು, ಇಲ್ಲಿಯವರು ಐರಿಷರು, ಕಾನೂನು ಲ್ಯಾಟಿನ್, ಅರ್ಜಿ ಇಂಗ್ಲಿಷ್. ಪಾಪ ಮಾಡುವುದು ಮಾತ್ರ ನಮ್ಮ ಮನೆಮಾತಿನಲ್ಲಿ.

ನಮ್ಮ ಫಾದರ್ ಗಿಯೋಮರು ಬರೆದುಕೊಟ್ಟ ಕಾಗದವನ್ನು ಮೊನ್ಸಿನ್ಯೋರ್ ಡೆವಿಟ್ ಎಂಬ ಹಿರಿಯ ಗುರುಗಳು ಓದಿದರು. ಓದಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಅಂದ್ರೆ, ನೀನೇ ಜ್ಞಾನಸ್ನಾನ ಮಾಡಿಸಿದ ಹುಡುಗೀನ ನೀನೇ ಮದುವೆ ಆಗ್ಬೇಕು?"

"ಹೌದು ಸ್ವಾಮಿ."

"ಆಗ ನಿಂಗೆ ವಯಸ್ಸೆಷ್ಟು?"

"ಹನ್ನೊಂದು, ಸ್ವಾಮಿ."

"ಅವಳಿಗೆ?"

"ಅರ್ಧ ಗಂಟೆ."

ಅವರು ನಕ್ಕು ನಕ್ಕು ಕೆಮ್ಮು ಬರಿಸಿಕೊಂಡರು. ಆಮೇಲೆ ಗಂಭೀರವಾಗಿ ಹೇಳಿದರು. ತಲೆಗೆ ನೀರು ಹೊಯ್ದವನು ಆ ಮಗುವಿಗೆ ಜ್ಞಾನತಂದೆಯಾಗುತ್ತಾನೆ, ತಂದೆಯಾದವನು ಮಗಳನ್ನು ಕಟ್ಟಿಕೊಳ್ಳುವಂತಿಲ್ಲ, ಇದು ಧರ್ಮಸಭೆಯ ಕಾನೂನು. ಆದರೆ ಮಹಾಧರ್ಮಾಧ್ಯಕ್ಷರು ಮನಸ್ಸು ಮಾಡಿದರೆ ವಿನಾಯಿತಿ ಕೊಡಬಹುದು, ರೋಮಿನವರು ಅವರಿಗೆ ಆ ಅಧಿಕಾರ ಕೊಟ್ಟಿದ್ದಾರೆ. ಕೆಲವೇ ವಾರಗಳ ಮಾತಂತೆ. ಈಸ್ಟರ್ ಕಳೆಯುತ್ತಿದ್ದಂತೆ ಮದುವೆ ಎಂದು ನಿನ್ನಮ್ಮನಿಗೆ ಹೇಳು.

ನಿನ್ನ,
ಎವರಿಸ್ತ್


ಆನ್ಸ್ ಲಾಂಬಿ, ಸೇಂಟ್ ಲೂಸಿಯಾ
೧೨ ಫೆಬ್ರವರಿ ೧೯೫೬

ಪ್ರೀತಿಯ ಎವರಿಸ್ತ್,

ನಿಮ್ಮ ಕಾಗದವನ್ನು ಅಮ್ಮನಿಗೆ ಓದಿ ಹೇಳಿದೆ. 'ಅರ್ಧ ಗಂಟೆ' ಎಂಬಲ್ಲಿ ಜಗಳಕ್ಕೇ ನಿಂತಳು. "ಎಲ್ಲಿಯ ಅರ್ಧ ಗಂಟೆ? ಹೊಕ್ಕಳ ಬಳ್ಳಿ ಕೊಯ್ಯೋಕ್ಕೂ ಮುಂಚೆ ಆ ಹುಡುಗ ಲ್ಯಾಟಿನ್ ಶುರು ಹಚ್ಕೊಂಡಿದ್ದ" ಅಂದಳು. ಆಮೇಲೆ ಎಂದಿನಂತೆ ಬಿರುಗಾಳಿಯ ಕಥೆ. ಅಪ್ಪ ಸಮುದ್ರದಲ್ಲಿದ್ದದ್ದು, ಸೂಲಗಿತ್ತಿ ಹೊಳೆ ದಾಟಲಾಗದೆ ಆಚೆಯೇ ಉಳಿದದ್ದು, ಪಕ್ಕದ ಮನೆಯಿಂದ, ಪೂಜೆಯಲ್ಲಿ ಗುರುಗಳಿಗೆ ನೆರವಾಗುವ ಹುಡುಗನಾಗಿದ್ದ ನೀವು ಓಡಿ ಬಂದು, ಸಾಯುವಂತಿರುವ ಕೂಸಿಗೆ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದೆಂದು ಅವಳಿ ಕೂಸುಗಳೆರಡರ ತಲೆಗೂ ನೀರು ಹೊಯ್ದದ್ದು, ಪೂಜೆಯ ಲ್ಯಾಟಿನ್ನಿನಲ್ಲಿ ಜೊತೆಜೊತೆಗೆ ಬರುವ ಎರಡು ಹೆಸರುಗಳನ್ನೇ ಇಟ್ಟದ್ದು. ಫೆಲಿಸಿತ, ಪರ್ಪೆತ. ಬೆಳಗಾಗುವಷ್ಟರಲ್ಲಿ ಫೆಲಿಸಿತ ಹೊರಟುಹೋದಳು, ನಾನು ಉಳಿದೆ.

ಅಮ್ಮನ ಕಾಲು ಬಾತಿದೆ, ಆದರೂ ಪ್ರತಿ ಶುಕ್ರವಾರ ಅವಳ ಸಮಾಧಿಗೆ ಹೋಗುವುದನ್ನು ಬಿಟ್ಟಿಲ್ಲ. ಬರುವಾಗ ಗೋಡೆಯ ಆಚೆ, ಬಾದಾಮಿ ಮರದ ಕೆಳಗಿನ ಜಾಗ ನೋಡಿ ಶಿಲುಬೆಯ ಗುರುತು ಹಾಕಿಕೊಳ್ಳುತ್ತಾಳೆ. ಜ್ಞಾನಸ್ನಾನ ಸಿಗದೆ ಸತ್ತು ಸ್ವರ್ಗ ತಪ್ಪಿದ ಕೂಸುಗಳು ಅಲ್ಲಿವೆಯಲ್ಲ. "ನನ್ನ ಒಬ್ಬಳು ಮಗಳು ಮೇಲೆ ನಂಗೆ ಕುರ್ಚಿ ಹಿಡ್ಕೊಂಡು ಕೂತಿದಾಳೆ. ಇನ್ನೊಬ್ಬಳ ಮದುವೆ ಆಗ್ಲಿ, ಹೋಗಿ ಕೂತ್ಕೊಳ್ತೀನಿ" ಅನ್ನುತ್ತಾಳೆ.

ಊರಿನವರ ನಾಲಿಗೆಗೆ ಹಬ್ಬ. ಮೀನು ತರಲು ಹೋದರೆ, "ಏನೇ ಪರ್ಪೆತ, ನಿಮ್ಮಪ್ಪ ನಿನ್ನನ್ನ ಯಾವಾಗ ಮದುವೆ ಆಗ್ತಾನೆ?" ಅನ್ನುತ್ತಾರೆ. ಎಲ್ಲ ಆ ಮಾ ಝಬೆತ್ ಮಾಡಿದ್ದು. ಮದುವೆಗೆ ಅಡ್ಡಿ ಇದ್ದರೆ ಹೇಳಿ ಎಂದು ಎರಡು ಭಾನುವಾರ ಗುಡಿಯಲ್ಲಿ ನಮ್ಮ ಹೆಸರು ಕೂಗಿ ಆಗಿತ್ತು. ಮೂರನೆಯ ಭಾನುವಾರ ಆ ಮುದುಕಿಗೆ ನೆನಪು ಮರುಕಳಿಸಬೇಕೆ! "ಫಾದರ್, ಇವ್ನು ಅವ್ಳ ತಲೆಗೆ ನೀರು ಹೊಯ್ದವನಲ್ವಾ?" ಎಂದು ಎದ್ದು ನಿಂತಳು. ಈಗ ಎದುರು ಸಿಕ್ಕರೆ, "ನಿನ್ನ ಆತ್ಮದ ಒಳ್ಳೇದಕ್ಕೇ ಮಗಾ" ಅನ್ನುತ್ತಾಳೆ.

ಮದುವೆಯ ಉಡುಪಿಗೆ ಬಿಳಿ ಬಟ್ಟೆ ಅಲ್ಲಿ ಅಗ್ಗವೇ, ಕೇಳಿ ನೋಡಿ. ಶಾಲೆಯಲ್ಲಿ ನನ್ನ ಪಾಠ ಚೆನ್ನಾಗಿ ನಡೆಯುತ್ತಿದೆ.

ನಿಮ್ಮ,
ಪರ್ಪೆತ


ಪೋರ್ಟ್ ಆಫ್ ಸ್ಪೇನ್
೧೧ ಮಾರ್ಚ್ ೧೯೫೬

ಪ್ರೀತಿಯ ಪೆತಾ,

ನಗಬೇಡ. ನಮ್ಮ ದ್ವೀಪವನ್ನು ಕತ್ತರಿಸಿ ಬೇರೆ ಇಟ್ಟಿದ್ದಾರೆ.

ನಿನ್ನೆ ಹೋದಾಗ ಮೊನ್ಸಿನ್ಯೋರ್ ಎದ್ದು ನಿಂತು ಕೈಕುಲುಕಿದರು. ವಿನಾಯಿತಿ ಬಂತೆಂದೇ ತಿಳಿದು ನಾನೂ ಹಲ್ಲು ಕಿರಿದೆ.

"ಸಂತೋಷದ ಸುದ್ದಿ, ಎವರಿಸ್ತ್. ಸೇಂಟ್ ಲೂಸಿಯಾ ಇನ್ಮೇಲೆ ಬೇರೇನೇ ಧರ್ಮಕ್ಷೇತ್ರ. ನಿಮಗೆ ನಿಮ್ಮದೇ ಧರ್ಮಾಧ್ಯಕ್ಷರು ಬರ್ತಾರೆ."

"ಯಾವಾಗ ಸ್ವಾಮಿ?"

"ಅದು ರೋಮಿಗೆ ಗೊತ್ತು."

"ಅಲ್ಲೀ ತನಕ ನಮ್ಮ ಅರ್ಜಿ?"

ಅವರ ಮುಖ ಸಣ್ಣಗಾಯಿತು. ಒಳ್ಳೆಯ ಮನುಷ್ಯ ಅವರು. "ನೀವೀಗ ನಮ್ಮ ಕುರಿಗಳಲ್ಲವಲ್ಲಪ್ಪ" ಅಂದರು.

ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಪೂಜಾರಿಯೂ ಕೊಡುತ್ತೇನೆನ್ನುತ್ತಾನೆ, ಗುಡಿಯೇ ಪಾಲಾಗಿ ಹೋಗಿದೆ. ಹಳೆಯ ದೊಡ್ಡಿಯಿಂದ ಹೊರಗೆ ಹಾಕಿದರು, ಹೊಸ ದೊಡ್ಡಿಗೆ ಇನ್ನೂ ಬಾಗಿಲಿಟ್ಟಿಲ್ಲ. ಸದ್ಯಕ್ಕೆ ನೋಡಿಕೊಳ್ಳುವವರು ಇದ್ದಾರಂತೆ, ಆದರೆ ಇಂಥ ವಿನಾಯಿತಿ ಅವರ ಕೈಯಲ್ಲಿಲ್ಲವಂತೆ. ರೋಮಿಗೇ ಬರೆದರೆ ಉತ್ತರ ಯಾವ ಕಾಲಕ್ಕೋ.

ಮೊನ್ಸಿನ್ಯೋರ್ ಒಂದು ಉಪಕಾರ ಮಾಡುತ್ತೇನೆಂದರು. ಜ್ಞಾನಸ್ನಾನ ಹೇಗೆ ನಡೆಯಿತು, ಯಾವ ಮಾತು ಹೇಳಿದೆ, ಯಾವ ನೀರು ಹೊಯ್ದೆ ಎಂದು ನಾನು ಶುಭಸಂದೇಶದ ಪುಸ್ತಕದ ಮೇಲೆ ಕೈಯಿಟ್ಟು ಆಣೆ ಮಾಡಿ ಹೇಳಿದರೆ, ಅವರು ಬರೆದು ಮುದ್ರೆ ಒತ್ತಿ ಇಡುತ್ತಾರಂತೆ. ಹೊಸ ಧರ್ಮಾಧ್ಯಕ್ಷರು ಬಂದ ದಿನ ಸಹಿ ಹಾಕಿದರೆ ಸಾಕು. ಶನಿವಾರ ಯಾವಾಗ ಬೇಕಾದರೂ ಬಾ ಎಂದಿದ್ದಾರೆ. ಈಸ್ಟರ್ ಕಳೆದ ಮೇಲೆ ಹೋಗುತ್ತೇನೆ.

ಬಿಳಿ ಬಟ್ಟೆ ಕೊಂಡಿದ್ದೇನೆ. ಅದು ಕಾಯಲಿ, ನಾವೂ ಕಾಯೋಣ.

ನಿನ್ನ,
ಎವರಿಸ್ತ್


ಆನ್ಸ್ ಲಾಂಬಿ
೨೫ ಮಾರ್ಚ್ ೧೯೫೬, ಗರಿಗಳ ಭಾನುವಾರ

ಪ್ರೀತಿಯ ಎವರಿಸ್ತ್,

ನಮ್ಮದೇ ಧರ್ಮಾಧ್ಯಕ್ಷರು ಎಂದು ಇಲ್ಲಿ ಗಂಟೆ ಬಾರಿಸಿದ್ದೇ ಬಾರಿಸಿದ್ದು. ಊರೆಲ್ಲ ಕುಣಿಯಿತು. ನಾನೂ ಚಪ್ಪಾಳೆ ತಟ್ಟಿದೆ, ನನ್ನ ಮದುವೆಯ ಕತ್ತು ಕೊಯ್ದ ಗಂಟೆಗೆ! ನಿಮ್ಮ ಕಾಗದ ಬಂದ ಮೇಲಷ್ಟೇ ಗೊತ್ತಾದದ್ದು. ಅತ್ತು ಮುಗಿಸಿದ್ದೇನೆ, ಈಗ ನಗಿಸುವ ಸುದ್ದಿ ಹೇಳುತ್ತೇನೆ.

ಇವತ್ತು ಪ್ರಸಂಗದಲ್ಲಿ ಫಾದರ್ ಉಪವಾಸದ ನಿಯಮ ಇನ್ನೊಮ್ಮೆ ಓದಿದರು. ಪೂಜೆಯಲ್ಲಿ ಪರಮಪ್ರಸಾದ ತೆಗೆದುಕೊಳ್ಳುವವರು ಅದಕ್ಕೆ ಮುಂಚೆ ನಡುರಾತ್ರಿಯಿಂದ ಏನೂ ತಿನ್ನಬಾರದು, ಕುಡಿಯಬಾರದು, ಆದರೆ ನೀರು ಕುಡಿದರೆ ತಪ್ಪಿಲ್ಲ ಎಂಬುದು ರೋಮಿನಿಂದ ಬಂದು ಮೂರು ವರ್ಷವಾಯಿತು. ನಮ್ಮ ಮುದುಕಿಯರು ಇನ್ನೂ ನಂಬಿಲ್ಲ. ಪೂಜೆ ಮುಗಿದು ಹೊರಗೆ ಬರುವಾಗ ಮಾ ಝಬೆತ್ ಅವರನ್ನು ಬಾಗಿಲಲ್ಲೇ ಹಿಡಿದಳು.

"ಫಾದರ್, ಎಳನೀರು ಕುಡೀಬಹುದಾ?"

"ಇಲ್ಲ, ನೀರು ಮಾತ್ರ."

"ಎಳನೀರೂ ನೀರೇ ಅಲ್ವಾ ಫಾದರ್? ಹೆಸರಲ್ಲೇ ಇದೆಯಲ್ಲ!"

ಫಾದರ್ ಕೆಂಪಾದರು. "ಎಳನೀರು ನೀರಲ್ಲ! ಅದು ಕಾಯಿಯ ರಸ. ಹಾಲು ಹೇಗೆ ನೀರಲ್ಲವೋ, ರಮ್ ಹೇಗೆ ನೀರಲ್ಲವೋ, ಹಾಗೆ. ಉಪವಾಸಕ್ಕೂ ನೀರಲ್ಲ, ಯಾವ ಸಂಸ್ಕಾರಕ್ಕೂ ನೀರಲ್ಲ!" ಮಾ ಝಬೆತ್ ನನ್ನ ಕಡೆ ತಿರುಗಿ, "ಫ್ರಾನ್ಸಿನಲ್ಲಿ ತೆಂಗಿನ ಮರ ಇಲ್ಲ, ಅದಕ್ಕೆ ಹೊಟ್ಟೆಕಿಚ್ಚು" ಅಂದಳು. ಗುಡಿಯ ಅಂಗಳದಲ್ಲಿ ನಾನು ಕೈಯಲ್ಲಿದ್ದ ಗರಿ ಬೀಳಿಸಿಕೊಂಡು ನಕ್ಕೆ. ಕಾಲು ನೋವೆಂದು ಅಮ್ಮ ಬಂದಿರಲಿಲ್ಲ, ಒಳ್ಳೆಯ ನಾಟಕ ತಪ್ಪಿಸಿಕೊಂಡಳು.

ಮೊನ್ಸಿನ್ಯೋರ್ ಹೇಳಿದ ಕೆಲಸ ಬೇಗ ಮಾಡಿ. ಹೇಳಲು ಏನಿದೆ? ನೀರು ಹೊಯ್ದೆ ಅನ್ನಿ, ಎದ್ದು ಬನ್ನಿ.

ನಿಮ್ಮ,
ಪರ್ಪೆತ


ಆನ್ಸ್ ಲಾಂಬಿ
೬ ಮೇ ೧೯೫೬

ಎವರಿಸ್ತ್,

ಈಸ್ಟರ್ ಹೋಯಿತು. ಹಡಗುಗಳು ಬಂದವು, ಹೋದವು. ಪ್ರತಿ ಸಲ ಧಕ್ಕೆಗೆ ಹೋಗಿ ನಿಂತು ಬರುತ್ತೇನೆ. ಹುಷಾರಿಲ್ಲವೇ? ಒಂದು ಸಾಲು ಬರೆಯಿರಿ. ಕೈಗೆ ಪೆಟ್ಟಾಗಿದ್ದರೆ ಬೇರೆಯವರ ಕೈಯಲ್ಲಿ ಬರೆಸಿ.

ಪರ್ಪೆತ


ಪೋರ್ಟ್ ಆಫ್ ಸ್ಪೇನ್
೨೦ ಮೇ ೧೯೫೬

ಪರ್ಪೆತ,

ನಾನು ಆರೋಗ್ಯವಾಗಿದ್ದೇನೆ. ಧಕ್ಕೆಯಲ್ಲಿ ಕೆಲಸ ಹೆಚ್ಚು. ಮೊನ್ಸಿನ್ಯೋರ್ ಬಳಿ ಇನ್ನೂ ಹೋಗಿಲ್ಲ.

ಹೊಸ ಧರ್ಮಾಧ್ಯಕ್ಷರು ಬರುವುದು ಒಂದು ವರ್ಷವಾಗಬಹುದು, ಎರಡಾಗಬಹುದು. ಬಂದವರು ಒಲ್ಲೆ ಎನ್ನಲೂಬಹುದು. ನಿನಗೆ ಇನ್ನೂ ಚಿಕ್ಕ ವಯಸ್ಸು. ನನಗಾಗಿ ಕಟ್ಟಿಹಾಕಿಕೊಂಡಂತೆ ಕೂರಬೇಡ. ಹೀಗೆ ಬರೆಯುವುದು ನನಗೆ ಸುಲಭವೆಂದು ತಿಳಿಯಬೇಡ.

ನಿನ್ನಮ್ಮನಿಗೆ ನಮಸ್ಕಾರ.

ಎವರಿಸ್ತ್


ಆನ್ಸ್ ಲಾಂಬಿ
೩ ಜೂನ್ ೧೯೫೬

ಶ್ರೀಮಾನ್ ಎವರಿಸ್ತ್ ಅವರಿಗೆ,

ಚಿಕ್ಕ ವಯಸ್ಸು! ಈ ಊರಿನಲ್ಲಿ ನನ್ನ ಜೊತೆಯವರ ಮಕ್ಕಳಿಗೆ ನಾನು ಅಕ್ಷರ ಕಲಿಸುತ್ತಿದ್ದವಳು. ಕಲಿಸುತ್ತಿದ್ದೆ ಎಂದೆ, ಗಮನಿಸಿ. ಮಾ ಝಬೆತ್ ಎದ್ದು ನಿಂತ ವಾರವೇ ಫಾದರ್ ನನ್ನನ್ನು ಶಾಲೆಯಿಂದ ಬಿಡಿಸಿದರು. "ಈ ಗಂಟು ಬಿಚ್ಚೋ ತನಕ ಮನೇಲಿರು ಮಗಳೇ, ಜನರ ಬಾಯಿ" ಅಂದರು. ನೀವು ನೊಂದುಕೊಳ್ಳುತ್ತೀರೆಂದು ಬರೆದಿರಲಿಲ್ಲ. ಈಗ ನೊಂದುಕೊಳ್ಳಿ.

ಅತ್ತ ಮದುವೆಯಾದವಳಲ್ಲ, ಇತ್ತ ಆಗದವಳೂ ಅಲ್ಲ. ಗುಲಾಬಿ ಹಬ್ಬಕ್ಕೆ ಹಾಡುವ ನಮ್ಮ ರೋಸಾ ಕೂಟದಲ್ಲಿ ಈ ವರ್ಷ ನನ್ನನ್ನು ರಾಣಿ ಮಾಡುವವರಿದ್ದರು, ಅದನ್ನೂ ಬೇರೆಯವಳಿಗೆ ಕೊಟ್ಟರು. ಮನೆಯೊಳಗೆ ಅಮ್ಮನ ಬಾತ ಕಾಲು, ಹೊರಗೆ ಜನರ ಕಣ್ಣು. ಕಿಟಕಿ ತೆರೆದರೆ ಎದುರಿಗೆ ಗುಡಿಯ ಗೋಡೆ.

ಕಾಗದ ತರುವ ಹಡಗಿನ ಕ್ಯಾಪ್ಟನ್ ಒಕ್ತಾವ್ ಅಲ್ಲಿ ನಿಮ್ಮನ್ನು ಕಂಡರಂತೆ. ಶನಿವಾರ ಶನಿವಾರ ರೊಟ್ಟಿ ಕರಿದು ಮಾರುವ ಹೆಂಗಸಿನ ಬೆಂಚಿನ ಮೇಲೆ ಗಂಟೆಗಟ್ಟಲೆ ಕೂತಿರುತ್ತೀರಂತೆ. ಧಕ್ಕೆಯಲ್ಲಿ ಕೆಲಸ ಹೆಚ್ಚು, ಅಲ್ಲವೇ? ಅವಳ ತಲೆಗೆ ನೀವು ನೀರು ಹೊಯ್ದಿಲ್ಲ, ಯಾರ ವಿನಾಯಿತಿಯೂ ಬೇಕಿಲ್ಲ. ಸುಖವಾಗಿರಿ. ಬಿಳಿ ಬಟ್ಟೆ ಅವಳಿಗೇ ಆಗಲಿ.

ಪರ್ಪೆತ


ಪೋರ್ಟ್ ಆಫ್ ಸ್ಪೇನ್
೨೪ ಜೂನ್ ೧೯೫೬

ಪೆತಾ,

ಆ ಹೆಂಗಸಿಗೆ ಅರವತ್ತು ದಾಟಿದೆ, ಬಾಯಲ್ಲಿ ಹಲ್ಲಿಲ್ಲ. ಅವಳ ಬೆಂಚು ಮಹಾಧರ್ಮಾಧ್ಯಕ್ಷರ ಮನೆಯ ಬಾಗಿಲಿಗೆ ಎದುರಾಗಿದೆ. ಒಳಗೆ ಹೋಗಬೇಕೆಂದು ಪ್ರತಿ ಶನಿವಾರ ಬಂದು ಅಲ್ಲಿ ಕೂರುತ್ತೇನೆ. ಹೋಗಲಾಗದೆ ಎದ್ದು ಬರುತ್ತೇನೆ. "ಇವತ್ತೂ ಇಲ್ವೇನೋ?" ಎಂದು ಅವಳೇ ಕೇಳುವಂತಾಗಿದೆ.

ಶಾಲೆಯ ವಿಷಯ ಓದಿದೆ, ನೊಂದುಕೊಂಡೆ. ನನ್ನ ಮೇಲೆ ಸಿಟ್ಟಿರಲಿ, ಅದು ನ್ಯಾಯ. ಬಿಳಿ ಬಟ್ಟೆ ನಿನ್ನದೇ, ನನ್ನ ತಲೆದಿಂಬಿನ ಕೆಳಗಿದೆ.

ಒಂದು ಮಾತು ಇದೆ, ಅದನ್ನು ಬರೆಯಲಾರೆ. ಬರೆದರೆ ಅದು ನಿಜವಾಗಿಬಿಡುತ್ತದೆ. ಒಂದನ್ನು ಮಾತ್ರ ಬೇಡಿಕೊಳ್ಳುತ್ತೇನೆ. ಬಿರುಗಾಳಿಯ ದಿನದ ಬಗ್ಗೆ ನಿನ್ನಮ್ಮನನ್ನು ಏನೂ ಕೇಳಬೇಡ.

ನಿನ್ನ,
ಎವರಿಸ್ತ್


ಆನ್ಸ್ ಲಾಂಬಿ
೧೫ ಜುಲೈ ೧೯೫೬

ಪ್ರೀತಿಯ ಎವರಿಸ್ತ್,

ಕೇಳಬೇಡ ಎಂದರೆ ಕೇಳದೆ ಇರುವವಳೇ ನಾನು? ಕೇಳಿಬಿಟ್ಟೆ. ಕೇಳದಿದ್ದರೆ ಚೆನ್ನಾಗಿತ್ತು.

ಅಮ್ಮ ಮರಗೆಣಸು ತುರಿಯುತ್ತಾ ಕೂತಿದ್ದಳು. "ಅಮ್ಮಾ, ಆವತ್ತು ಎವರಿಸ್ತ್ ನೀರು ಎಲ್ಲಿಂದ ತಂದ್ರು?" ಅಂದೆ. ಅವಳ ಮುಖ ಅರಳಿತು.

"ಎಂಥ ಜಾಣ ಹುಡುಗ ಅಂತೀನಿ! ಮನೆ ತುಂಬಾ ಕೆಸರು. ಹೊಳೆ ಕೆಂಪಗೆ ಹಂದಿ ಹೆಣ ಹೊತ್ಕೊಂಡು ಬರ್ತಿತ್ತು. ಸೂರು ಕಿತ್ತು ಮಸಿ ಬೆರೆತ ನೀರು ಸೋರ್ತಿತ್ತು. ಅಂಥ ನೀರು ಕೂಸುಗಳ ತಲೆಗೆ ಹಾಕ್ತಾರಾ? ಬಿದ್ದ ಮರದಿಂದ ಒಂದು ಎಳನೀರು ಕಿತ್ಕೊಂಡು ಬಂದ. 'ಇದು ಯಾರ ಕೈಯೂ ಮುಟ್ಟದ ನೀರು ಮಾ, ದೇವರೇ ಮುಚ್ಚಳ ಹಾಕಿ ಇಟ್ಟಿದ್ದು' ಅಂದ, ಹನ್ನೊಂದು ವರ್ಷದ ಪೋರ! ಆಮೇಲೆ, 'ಇಬ್ಬರಿಗೂ ಸಾಕಾಯ್ತು ಮಾ, ಉಳಿದಿದ್ದು ನೀವು ಕುಡೀರಿ' ಅಂತ ನನ್ನ ತುಟಿಗೆ ಹಿಡಿದ. ಅಂಥ ಸಿಹಿ ನೀರು ನಾನು ಮತ್ತೆ ಕುಡಿದಿಲ್ಲ ಕಣೇ."

ಇಷ್ಟು ವರ್ಷ ಈ ಕಥೆಯಲ್ಲಿ ಅವಳು 'ನೀರು ಹೊಯ್ದ' ಎಂದೇ ಹೇಳುತ್ತಿದ್ದಳು. ಅವಳಿಗೆ ಎಳನೀರೂ ನೀರೇ. ನಿಮಗೂ ಹಾಗೇ ಇತ್ತು, ನಾನು ನಗುತ್ತಾ ಆ ಗರಿಗಳ ಭಾನುವಾರದ ಕಾಗದ ಬರೆಯುವ ತನಕ. ನಿಮ್ಮ ಬಾಯಿಗೆ ಬೀಗ ಹಾಕಿದವಳು ನಾನೇ, ಆಮೇಲೆ ಯಾಕೆ ಮಾತಾಡುವುದಿಲ್ಲ ಎಂದು ಬೈದವಳೂ ನಾನೇ. ರೊಟ್ಟಿ ಮಾರುವ ಅಜ್ಜಿಯ ಕ್ಷಮೆ ಕೇಳಿದೆನೆಂದು ಹೇಳಿ.

ಫಾದರ್ ಬಳಿ ಹೋಗಿ ಬೇರೆ ಊರಿನ ಕಥೆ ಎಂಬಂತೆ ಕೇಳಿದೆ.

"ನೀರಲ್ಲದಿದ್ರೆ ಅದು ಜ್ಞಾನಸ್ನಾನಾನೇ ಅಲ್ಲ, ಮಗಳೇ. ಹೊಯ್ದವನು ತಂದೆಯೂ ಅಲ್ಲ. ಬದುಕಿದ್ರೆ ಸರಿಯಾಗಿ ಇನ್ನೊಂದ್ಸಲ ಮಾಡಿದ್ರಾಯ್ತು."

"ಸತ್ತಿದ್ರೆ?"

ಅವರು ಕಿಟಕಿಯಾಚೆ ಬಾದಾಮಿ ಮರದ ಕಡೆ ನೋಡಿದರು. ದೇವರ ಮುಖ ಕಾಣದ ಕೂಸುಗಳ ಜಾಗ.

ನೀವು ಒಳಗೆ ಹೋಗಲಾಗದೆ ಬೆಂಚಿನ ಮೇಲೆ ಯಾಕೆ ಕೂರುತ್ತೀರೆಂದು ಈಗ ಗೊತ್ತಾಯಿತು. ನಿಜ ಹೇಳಿದರೆ ಯಾವ ಧರ್ಮಾಧ್ಯಕ್ಷರನ್ನೂ ಕಾಯಬೇಕಿಲ್ಲ, ಮುಂದಿನ ತಿಂಗಳೇ ಮದುವೆ. ಆದರೆ ಫೆಲಿಸಿತ ಸ್ವರ್ಗದಿಂದ ಇಳಿದು ಗೋಡೆಯ ಆಚೆಗೆ ಹೋಗಬೇಕು. ಅಮ್ಮನಿಗೆ ಕುರ್ಚಿ ಹಿಡಿಯುವವರು ಯಾರೂ ಇರುವುದಿಲ್ಲ. ನೀರೇ ಹೊಯ್ದೆ ಎಂದರೆ ಫೆಲಿಸಿತ ಇದ್ದಲ್ಲೇ ಇರುತ್ತಾಳೆ, ನಾವು ಕಾಯುತ್ತಾ ಮುದುಕರಾಗುತ್ತೇವೆ. ಅದೂ ಅಲ್ಲದೆ ನಾನು ಏನಾದೆ ಹೇಳಿ? ಜ್ಞಾನಸ್ನಾನವೇ ಇಲ್ಲದವಳು, ಇಷ್ಟು ವರ್ಷ ಪರಮಪ್ರಸಾದ ತೆಗೆದುಕೊಂಡವಳು. ಎರಡು ಭಾನುವಾರದಿಂದ ತಲೆನೋವೆಂದು ಹೇಳಿ, ಪರಮಪ್ರಸಾದಕ್ಕೆ ಏಳದೆ ಹಿಂದಿನ ಬೆಂಚಿನಲ್ಲೇ ಕೂರುತ್ತಿದ್ದೇನೆ. ಅಮ್ಮ ಅನುಮಾನದಿಂದ ಹೊಟ್ಟೆ ನೋಡುತ್ತಾಳೆ.

ಅತ್ತ ದರಿ, ಇತ್ತ ಪುಲಿ. ನೀವೊಬ್ಬರೇ ಇದ್ದ ಹೊಂಡಕ್ಕೆ ನಾನೂ ಬಿದ್ದಿದ್ದೇನೆ, ಅಷ್ಟೇ ವ್ಯತ್ಯಾಸ.

ಒಳಗೆ ಹೋಗಬೇಡಿ. ಏನೂ ಹೇಳಬೇಡಿ. ಅಮ್ಮ ಇರುವ ತನಕ ಹೀಗೇ ಇರೋಣ. ನನಗೆ ನೀವು ಬೇಕು, ಬೇಕೇ ಬೇಕು. ಆದರೆ ನನ್ನ ಅಕ್ಕನನ್ನು, ನನಗಿಂತ ಮುಂಚೆ ಹೊರಗೆ ಬಂದ ಆ ಕೂಸನ್ನು ಮೆಟ್ಟಿಲು ಮಾಡಿಕೊಂಡು ನಾನು ಮಂಟಪ ಹತ್ತಲಾರೆ.

ನಿಮ್ಮ,
ಪರ್ಪೆತ


ಪೋರ್ಟ್ ಆಫ್ ಸ್ಪೇನ್
೧೯ ಆಗಸ್ಟ್ ೧೯೫೬

ಪ್ರೀತಿಯ ಪೆತಾ,

ನಿನ್ನ ಮಾತು ಮೀರಿ ಒಳಗೆ ಹೋದೆ. ರೊಟ್ಟಿ ಮಾರುವ ಅಜ್ಜಿ ಹಿಂದಿನಿಂದ ಚಪ್ಪಾಳೆ ತಟ್ಟಿದಳು.

ಮೊನ್ಸಿನ್ಯೋರ್ ಶುಭಸಂದೇಶದ ಪುಸ್ತಕ ಮುಂದಿಟ್ಟರು. ಕೈಯಿಟ್ಟೆ. ಅವರು ಕೇಳಿದರು, ನಾನು ಹೇಳಿದೆ, ಅವರು ಬರೆದುಕೊಂಡರು. ಹೇಳಿದ್ದು ಇಷ್ಟು.

ಮೊದಲು ಹುಟ್ಟಿದವಳು ಫೆಲಿಸಿತ. ಅವಳಿಗೆ ಉಸಿರು ಕಟ್ಟುತ್ತಿತ್ತು. ಬಾಗಿಲಿನಿಂದ ಕೈ ಚಾಚಿ ಬೊಗಸೆಯಲ್ಲಿ ಮಳೆನೀರು ಹಿಡಿದು ಅವಳ ತಲೆಗೆ ಹೊಯ್ದೆ. ಆಮೇಲೆ ಗಾಳಿ ತಿರುಗಿತು, ಬಾಗಿಲಿನ ಮೇಲೆ ಸೂರು ಕುಸಿಯಿತು, ಕೈಗೆ ಸಿಕ್ಕಿದ್ದೆಲ್ಲ ಕೆಸರು. ಎರಡನೆಯವಳು ಪರ್ಪೆತ. ಅವಳಿಗೆ ಎಳನೀರು ಹೊಯ್ದೆ.

"ಒಬ್ಬಳಿಗೆ ನೀರು, ಇನ್ನೊಬ್ಬಳಿಗೆ ಎಳನೀರು?" ಮೊನ್ಸಿನ್ಯೋರ್ ಲೇಖನಿ ಎತ್ತಿ ಕೇಳಿದರು.

"ಹೌದು ಸ್ವಾಮಿ."

"ಖಂಡಿತವಾಗಿ?"

"ಖಂಡಿತವಾಗಿ."

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಆಮೇಲೆ ಮುದ್ರೆ ಒತ್ತಿದರು. "ಹಾಗಾದ್ರೆ ಫೆಲಿಸಿತ ದೇವರ ಹತ್ರ ಇದಾಳೆ, ಪರ್ಪೆತ ನಿನಗೆ ಏನೂ ಆಗಬೇಕಿಲ್ಲ. ಇದಕ್ಕೆ ವಿನಾಯಿತಿ ಯಾಕೆ? ಹೋಗು, ಮದುವೆಯಾಗು" ಅಂದರು. ಫಾದರ್ ಗಿಯೋಮರಿಗೆ ಅವರ ಕಾಗದ ಇದೇ ಹಡಗಿನಲ್ಲಿ ಬರುತ್ತಿದೆ.

ನಿನ್ನಮ್ಮನಿಗೆ ಆವತ್ತು ಅರೆಪ್ರಜ್ಞೆ. ಆ ಗಾಳಿಯಲ್ಲಿ ನಾನು ಹೇಳಿದ್ದು ಒಂದು, ಅವಳಿಗೆ ಕೇಳಿಸಿದ್ದು ಒಂದು. ನಡೆದದ್ದು ನಾನು ಹೇಳಿದಂತೆಯೇ. ಇದನ್ನು ನನ್ನನ್ನು ಇನ್ನೊಮ್ಮೆ ಕೇಳಬೇಡ, ಪೆತಾ.

ಸೆಪ್ಟೆಂಬರ್ ಕೊನೆಗೆ ಬರುತ್ತೇನೆ, ಬಿಳಿ ಬಟ್ಟೆ ಮುಂಚೆಯೇ ಕಳಿಸಿದ್ದೇನೆ. ಇನ್ನೊಂದು ಮಾತು. ಮದುವೆಯ ಪೂಜೆಯಲ್ಲಿ ನಾನು ಪರಮಪ್ರಸಾದಕ್ಕೆ ಏಳದಿದ್ದರೆ ತಪ್ಪು ತಿಳಿಯಬೇಡ. ಗುರುಗಳ ಮುಂದೆ ಪಾಪ ಹೇಳಿಕೊಳ್ಳದೆ ಅದನ್ನು ಮುಟ್ಟುವಂತಿಲ್ಲ, ಪಾಪನಿವೇದನೆಗೆ ಹೋಗಿ ಬಹಳ ದಿನವಾಯಿತು. ಇನ್ನು ಹೋಗುವುದು ಕಷ್ಟ.

ನಿನ್ನ,
ಎವರಿಸ್ತ್


ಆನ್ಸ್ ಲಾಂಬಿ
೯ ಸೆಪ್ಟೆಂಬರ್ ೧೯೫೬

ನನ್ನ ಎವರಿಸ್ತ್,

ಮಂಗಳವಾರ ಫಾದರ್ ಗುಡಿಯ ಬಾಗಿಲು ಮುಚ್ಚಿ ನನ್ನ ತಲೆಗೆ ನೀರು ಹೊಯ್ದರು. ಕೊಡದಲ್ಲಿ ತಂದ ತಣ್ಣನೆಯ ನೀರು, ಕುತ್ತಿಗೆಯ ತನಕ ಇಳಿಯಿತು. ಮಾ ಝಬೆತ್ ನನಗೆ ಜ್ಞಾನತಾಯಿ. ಅವಳೇ ಕೇಳಿಕೊಂಡು ಬಂದಳು. "ಗಂಟು ಹಾಕಿದವಳೂ ನಾನೇ, ಬಿಚ್ಚೋಕೂ ನಾನೇ ಇರ್ತೀನಿ" ಅಂದಳು. ಬುಧವಾರ ಶಾಲೆಗೆ ಬಾ ಎಂದು ಫಾದರ್ ಹೇಳಿ ಕಳಿಸಿದರು.

ನಿನ್ನ ಕಾಗದದ ಸುದ್ದಿಯನ್ನು ಅಮ್ಮನಿಗೆ ಹೇಳಿದೆ. ಮೊದಲನೆಯವಳಿಗೆ ಮಳೆನೀರು, ನನಗೆ ಎಳನೀರು ಎಂದೆ. ಅವಳು ತುರಿಯುವ ಕೈ ನಿಲ್ಲಿಸಿ ಯೋಚಿಸಿದಳು. "ಮಳೆನೀರಾ? ನಂಗೆ ಹಾಗೆ ನೆನಪಿಲ್ವಲ್ಲ" ಅಂದಳು. ಆಮೇಲೆ ಅವಳೇ, "ಇರಬಹುದು ಬಿಡು. ಅವನಿಗೆ ಗೊತ್ತಿರುತ್ತೆ, ನೋಡಿದವನು ಅವನು. ಅದಕ್ಕೇ ನೋಡು ಅವಳು ನೇರ ಮೇಲೆ ಹೋದಳು. ನೀನು ಮಾತ್ರ ಬಾಯಿರುಚಿಯವಳು, ಹುಟ್ಟುತ್ತಲೇ ಸಿಹಿ ಕೇಳಿದವಳು" ಎಂದು ನಕ್ಕಳು. ಈ ಶುಕ್ರವಾರವೂ ಕಾಲೆಳೆದುಕೊಂಡು ಸಮಾಧಿಗೆ ಹೋಗಿ ಬಂದಳು. ಕುರ್ಚಿ ಇದ್ದಲ್ಲೇ ಇದೆ.

ಇಷ್ಟು ದಿನ ನೀವು ಎನ್ನುತ್ತಿದ್ದವಳು ನೀನು ಎನ್ನುತ್ತಿದ್ದೇನೆ, ಗಮನಿಸಿದೆಯಾ? ತಂದೆಯ ಸ್ಥಾನ ಹೋಯಿತಲ್ಲ, ಇನ್ನು ಮರ್ಯಾದೆ ಯಾಕೆ. ನಿನ್ನನ್ನು ಏನೂ ಕೇಳುವುದಿಲ್ಲ. ಅಮ್ಮನಿಗೆ ಆವತ್ತು ತಪ್ಪಾಗಿ ಕೇಳಿಸಿತು, ಅಷ್ಟೇ. ನನಗೂ ನಿನಗೂ ಅದೇ ಸತ್ಯ, ಸಾಯುವ ತನಕ. ಆದರೆ ಶುಭಸಂದೇಶದ ಮೇಲಿಟ್ಟ ಆ ಕೈ ನಿನ್ನದು ಒಂದೇ ಅಲ್ಲ ಎಂದು ತಿಳಿದುಕೋ.

ಮದುವೆಯ ದಿನ ಬೆಳಿಗ್ಗೆ ಊರೆಲ್ಲ ನಮ್ಮ ಅಂಗಳದಲ್ಲಿ ಸೇರುತ್ತದೆ. ಮದುಮಗ ಪರಮಪ್ರಸಾದಕ್ಕೆ ಏಳಲಿಲ್ಲ ಎಂದರೆ ಮಾ ಝಬೆತ್ ಸುಮ್ಮನಿರುತ್ತಾಳೆಯೇ? ಇನ್ನೊಂದು ಗಂಟು ಹುಡುಕುತ್ತಾಳೆ. ಅದಕ್ಕೆ ಹೀಗೆ ಮಾಡೋಣ. ಗುಡಿಗೆ ಹೊರಡುವ ಮುಂಚೆ, ಎಲ್ಲರೂ ನೋಡುವಂತೆ, ಒಂದು ಎಳನೀರು ಕೆತ್ತಿ ನಿನ್ನ ಕೈಗೆ ಕೊಡುತ್ತೇನೆ. ಗಾಬರಿಯಲ್ಲಿ ಮರೆತವನಂತೆ ಕುಡಿ. ಮಾ ಝಬೆತ್, "ಅಯ್ಯೋ ಪೆದ್ದ, ಎಳನೀರು ನೀರಲ್ಲ!" ಎಂದು ಎದೆ ಬಡಿದುಕೊಳ್ಳುತ್ತಾಳೆ. ಉಪವಾಸ ಮುರಿದವನು ಯಾಕೆ ಮೊಣಕಾಲಲ್ಲೇ ಉಳಿದ ಎಂದು ಆಮೇಲೆ ಯಾರೂ ಕೇಳುವುದಿಲ್ಲ.

ಪೂರ್ತಿ ಕುಡಿದುಬಿಡಬೇಡ. ಅರ್ಧ ನನಗೆ ಉಳಿಸು, ನಾನೂ ನಿನ್ನ ಪಕ್ಕದಲ್ಲೇ ಮೊಣಕಾಲೂರಿ ಇರುತ್ತೇನೆ. ದೊಡ್ಡ ಕಾಯಿಯನ್ನೇ ನೋಡಿ ಇಟ್ಟಿದ್ದೇನೆ. ಇಬ್ಬರಿಗೂ ಸಾಕಾಗುತ್ತದೆ.

ನಿನ್ನ,
ಪೆತಾ